ಹಾದಿ ಉಳಿಯುವುದು ನಡೆಯುವವರಿಂದ

ಶಿವರಾತ್ರಿ ಕಳೆದು ಬಿಸಿಲು ಬಲಿಯತೊಡಗಿದರೆ ಜತ್ತ ತಾಲೂಕಿನ ಪೂರ್ವಭಾಗದ ಹಳ್ಳಿಗಳಲ್ಲಿ ಮಾತು ತಾನಾಗಿಯೇ ಶ್ರೀಶೈಲದತ್ತ ಹೊರಳುತ್ತದೆ. ಈ ಸಲ ಯಾರು ಯಾರು ಹೊರಡುವವರು, ಕಂಬಿ ಯಾವ ದಿನ ಏಳುವುದು ಎಂಬ ವಿಚಾರವೇ ಉಮದಿ, ಸಂಖ, ಗುಡ್ಡಾಪುರಗಳ ಕಟ್ಟೆಗಳ ಮೇಲೆ ನಡೆಯುತ್ತದೆ. ಯುಗಾದಿಯ ಹೊತ್ತಿಗೆ ಮಲ್ಲಯ್ಯನ ಸನ್ನಿಧಿಯನ್ನು ಸೇರಬೇಕು. ಭ್ರಮರಾಂಬೆ ನಮ್ಮ ಮನೆಯ ಮಗಳು, ಮಲ್ಲಯ್ಯ ಅಳಿಯ ಎಂಬುದು ಈ ಭಾಗದ ಕನ್ನಡಿಗರ ನಂಬಿಕೆ. ಆದ್ದರಿಂದ ಹೊರಟವರ ಗಂಟಿನಲ್ಲಿ ರೊಟ್ಟಿ, ಶೇಂಗಾ ಚಟ್ನಿಗಳೊಡನೆ ಮಗಳಿಗೆಂದು ಒಂದು ಸೀರೆ, ಕುಪ್ಪಸದ ಕಣವೂ ಇರುತ್ತವೆ.

ಒಂದು ವರ್ಷ ನಾನೂ ಆ ತಂಡದಲ್ಲಿ ನಡೆದೆ. ವಿಜಯಪುರವನ್ನು ಹಾದು, ಕೃಷ್ಣೆಯನ್ನೂ ತುಂಗಭದ್ರೆಯನ್ನೂ ದಾಟಿ, ಕರ್ನೂಲು ಸೀಮೆಯ ಆತ್ಮಕೂರಿನ ಮೇಲೆ ನಲ್ಲಮಲ ಅಡವಿಯನ್ನು ಹೊಗುವ ಹಾದಿ ಅದು. 400 ಕಿಲೋಮೀಟರಿಗೂ ಮಿಗಿಲು. ಇಂದು ನದಿಗಳಿಗೆ ಸೇತುವೆಗಳಿವೆ. ಹಿಂದಿನವರು ದಾಟುತ್ತಿದ್ದುದು ಹರಿಗೋಲಿನಲ್ಲಿ. ಬಿದಿರು ಬೆತ್ತಗಳನ್ನು ಹೆಣೆದು ಹೊರಗೆ ತೊಗಲು ಹೊದಿಸಿದ ಈ ದುಂಡನೆಯ ದೋಣಿಯನ್ನು 16ನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ ಪ್ರವಾಸಿ ಪಾಯೆಸ್ ಬೆರಗಿನಿಂದ ನೋಡಿದ್ದನು. ಒಂದೊಂದರಲ್ಲಿ 15–20 ಜನ ಹಿಡಿಸುತ್ತಾರೆಂದು ಅವನು ಬರೆದಿಟ್ಟಿದ್ದಾನೆ.

ಹರಿಗೋಲನ್ನು ನೆನೆದಾಗ ನನಗೆ ದೂರದ ಕೆನಡಾ ದೇಶದ ಒಂದು ಸಂಗತಿ ನೆನಪಾಗುತ್ತದೆ. 17ನೆಯ ಶತಮಾನದಿಂದ ಅಲ್ಲಿ ಬೀವರ್ ಎಂಬ ನೀರುಪ್ರಾಣಿಯ ತುಪ್ಪಳದ ವ್ಯಾಪಾರ ಬೆಳೆಯಿತು. ಯುರೋಪಿನ ಸಿರಿವಂತರ ಟೊಪ್ಪಿಗೆಗಳಿಗೆ ಅದು ಬೇಕಾಗಿತ್ತು. ಸರಕು ಸಾಗಿದ್ದು ಭೂರ್ಜದ ತೊಗಟೆಯ ದೋಣಿಗಳಲ್ಲಿ. ಆ ದೋಣಿ ಕಟ್ಟುವ ವಿದ್ಯೆಯೂ ನೀರಿನ ಹಾದಿಗಳ ತಿಳಿವಳಿಕೆಯೂ ಅಲ್ಲಿನ ಮೂಲನಿವಾಸಿಗಳದು. ಒಂದು ನದಿ ಮುಗಿದು ಇನ್ನೊಂದು ಸಿಗುವವರೆಗೆ ಅಂಬಿಗರು ದೋಣಿಯನ್ನೂ ಸರಕನ್ನೂ ಹೊತ್ತು ನಡೆಯುತ್ತಿದ್ದರು. ಸುಮಾರು 40 ಕಿಲೋ ತೂಕದ ಮೂಟೆಗಳು ಎರಡನ್ನು ಒಬ್ಬನೇ ಒಮ್ಮೆಗೆ ಬೆನ್ನಿಗೇರಿಸುವುದು ವಾಡಿಕೆಯಾಗಿತ್ತು. ಹುಟ್ಟುಗಳೆಲ್ಲ ಒಂದೇ ಲಯದಲ್ಲಿ ಬೀಳಲೆಂದು ದಾರಿಯುದ್ದಕ್ಕೂ ಹಾಡುತ್ತಿದ್ದರು. ರೈಲು ಬಂದ ಮೇಲೆ ಆ ಹಾದಿಗಳು ಬರಿದಾದವು. 1967ರಲ್ಲಿ, ಕೆನಡಾ ಒಕ್ಕೂಟಕ್ಕೆ ನೂರು ವರ್ಷ ತುಂಬಿದಾಗ, 10 ತಂಡಗಳು ರಾಕಿ ಪರ್ವತಗಳ ತಪ್ಪಲಿನಿಂದ ಮಾಂಟ್ರಿಯಲ್ ನಗರದವರೆಗೆ 5,000 ಕಿಲೋಮೀಟರಿಗೂ ಹೆಚ್ಚು ದೂರವನ್ನು 104 ದಿನಗಳಲ್ಲಿ ಹುಟ್ಟು ಹಾಕಿ ಕ್ರಮಿಸಿದವು. ಮರೆತ ಹಾದಿಯನ್ನು ನೆನಪಿಸಿಕೊಳ್ಳಲು ಒಂದು ದೇಶವೇ ಇಷ್ಟು ಶ್ರಮಪಟ್ಟಿತು.

ನಮ್ಮ ಹಾದಿಯನ್ನು ಯಾರೂ ಮರಳಿ ಹುಡುಕಬೇಕಾಗಿಲ್ಲ, ಏಕೆಂದರೆ ನಡೆಯುವವರು ನಿಂತಿಲ್ಲ. ಊರೂರಿನಲ್ಲಿ ದಾಸೋಹದ ಚಪ್ಪರ, ಮಜ್ಜಿಗೆಯ ಕೊಡ. ಬೊಬ್ಬೆಯೆದ್ದ ಕಾಲಿಗೆ ಎಣ್ಣೆ ನೀವುವ ಗುರುತಿಲ್ಲದ ಕೈಗಳು. ನಮ್ಮ ತಂಡದ ಹಿರಿಯರೊಬ್ಬರು ಮೊದಲ ದಿನವೇ ಒಂದು ಕಟ್ಟಳೆ ಹಾಕಿದರು: "ಹಿಂದ ಉಳಿದಾವ್ರು ಬರೂತನಕ ಮುಂದಿನಾವ್ರು ಕುಂದರಬೇಕ್ರೆಪಾ. ಮಲ್ಲಯ್ಯ ಎಲ್ಲೀಗೂ ಹೋಗಾಂವಲ್ಲ." ವೆಂಕಟಾಪುರದಲ್ಲಿ ಟ್ರ್ಯಾಕ್ಟರು ರಸ್ತೆ ಹಿಡಿದು ಸುತ್ತಿ ಹೋಯಿತು. ಅಲ್ಲಿಂದ ನಾಗಲೂಟಿ, ಪೆಚ್ಚೆರುವು, ಭೀಮುನಿಕೊಳನು ದಾಟಿ ಕೈಲಾಸದ್ವಾರದವರೆಗೆ ಅಡವಿಯ ಕಲ್ಲುಹಾದಿ. ಬೇಕಾದದ್ದನ್ನೆಲ್ಲ ತಲೆಯ ಮೇಲೆಯೇ ಹೊರಬೇಕು. ಶ್ರೀಶೈಲದ ಬೆಟ್ಟಕ್ಕೆ ಮೆಟ್ಟಿಲು ಕಟ್ಟಿಸಿದ ಕೀರ್ತಿ 14ನೆಯ ಶತಮಾನದ ರೆಡ್ಡಿ ಅರಸರದು. ಆ ಏರಿನಲ್ಲಿ ನನ್ನ ಗಂಟನ್ನು ಯಾರೋ ಕೇಳದೆಯೇ ಇಸಿದುಕೊಂಡರು. ಮುಂದೆ ಇನ್ನೊಬ್ಬರ ನೀರಿನ ಕೊಡ ನನ್ನ ಹೆಗಲಿಗೆ ಬಂದಿತು.

ನಮ್ಮೊಡನೆ ಕನ್ನಡ ಶಾಲೆಯಲ್ಲಿ ಓದಿದ ತರುಣನೊಬ್ಬನಿದ್ದನು. ಕನ್ನಡ ಕಲಿತು ಮಹಾರಾಷ್ಟ್ರದಲ್ಲಿ ಎಲ್ಲಿಗೆ ಮುಟ್ಟುತ್ತೀ ಎಂಬ ಪ್ರಶ್ನೆಯನ್ನು ಅವನು ಚಿಕ್ಕಂದಿನಿಂದ ಕೇಳಿದವನು. ನಮ್ಮ ಮನೆಗಳಲ್ಲಿ ಅದನ್ನು ಕೇಳದವರಾರು? ಜತ್ತದಲ್ಲಿ ಮರಾಠಿ ಫಲಕಗಳನ್ನೂ ವಿಜಯಪುರದಲ್ಲಿ ಕನ್ನಡ ಫಲಕಗಳನ್ನೂ ಸರಾಗವಾಗಿ ಓದಿದ ಅವನು ತುಂಗಭದ್ರೆಯಾಚೆ ತೆಲುಗು ಫಲಕಗಳೆದುರು ಮೊದಲು ತಡವರಿಸಿದನು. ಆದರೆ ಕನ್ನಡ, ತೆಲುಗು ಲಿಪಿಗಳು ಒಂದೇ ಬೇರಿನವು. ತಲೆಕಟ್ಟಿನ ವ್ಯತ್ಯಾಸ ಹಿಡಿತಕ್ಕೆ ಸಿಕ್ಕ ಮೇಲೆ, ಎರಡು ದಿನಗಳಲ್ಲಿ ಊರಿನ ಹೆಸರುಗಳನ್ನೆಲ್ಲ ಅವನೇ ಓದಿ ಹೇಳತೊಡಗಿದನು. ಅಡವಿಯ ಅಂಚಿನಲ್ಲಿ ಹಾದಿ ಕವಲೊಡೆದಾಗ ಹಿರಿಯರೆಲ್ಲ ಅವನ ಮುಖವನ್ನೇ ನೋಡಿದರು. ಮನೆಯ ಭಾಷೆಯ ಅಕ್ಷರ ಅವನನ್ನು ಊರಿನಲ್ಲಿ ಕಟ್ಟಿಹಾಕಿರಲಿಲ್ಲ; ನೆರೆನಾಡಿನ ಬಾಗಿಲನ್ನು ತೆರೆದು ಕೊಟ್ಟಿತ್ತು.

ಈ ಮಾತನ್ನು ನಾನು ಪಾಲಕರ ಮುಂದಿಡುವುದಕ್ಕೆ ಕಾರಣವಿದೆ. ಮಕ್ಕಳು ಮರಾಠಿಯನ್ನು ಚೆನ್ನಾಗಿ ಕಲಿಯಬೇಕು, ಇಂಗ್ಲಿಷೂ ಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಕನ್ನಡ ಶಾಲೆಯ ಒಂದನೆಯ ತರಗತಿ ಬರಿದಾದರೆ ನಾಲ್ಕು ವರ್ಷಗಳಲ್ಲಿ ನಾಲ್ಕನೆಯ ತರಗತಿಯೂ ಬರಿದಾಗುತ್ತದೆ. ಮುಚ್ಚಿದ ಶಾಲೆಯನ್ನು ಮತ್ತೆ ತೆರೆಯುವುದು, ಕಾಡು ಬೆಳೆದ ಹಾದಿಯನ್ನು ಸವರುವುದಕ್ಕಿಂತ ಕಷ್ಟ. ನೂರು ವರ್ಷಗಳ ಬಳಿಕ ಅದರ ನೆನಪಿಗೆ ಉತ್ಸವ ಮಾಡುವುದರಿಂದ ನಮ್ಮ ಮೊಮ್ಮಕ್ಕಳಿಗೆ ಅಕ್ಷರ ಬಾರದು. ಬರುವ ಜೂನಿನಲ್ಲಿ ಹೆಸರು ಹಚ್ಚುವ ಹೊತ್ತಿಗೆ ನೆರೆಮನೆಯವರೊಡನೆ ಕೂಡಿ ವಿಚಾರಿಸಿರಿ. ಒಬ್ಬೊಬ್ಬರಾಗಿ ಹಿಂಜರಿಯುವವರು ನಾಲ್ಕು ಮನೆಯವರು ಕೂಡಿದರೆ ಹೊರಡುತ್ತಾರೆ. ಶ್ರೀಶೈಲಕ್ಕೂ ನಾವು ಹಾಗೆಯೇ ಹೊರಟೆವು.