ನೀರಿನ ಮೇಲೆ ನೀರಿನ ಬಡತನ

ಹಣವನ್ನು ನೀರಿನಂತೆ ಖರ್ಚು ಮಾಡುವರೆಂದು ನಮ್ಮಲ್ಲಿ ದುಂದುಗಾರರನ್ನು ಹಳಿಯುವುದುಂಟು. ನೀರನ್ನೇ ಹಣದಂತೆ ಎಣಿಸಿ ವೆಚ್ಚ ಮಾಡಬೇಕಾದ ಒಂದು ಸಂಸಾರವನ್ನು ನಾವು 2022ರ ಸೆಪ್ಟೆಂಬರ್ ತಿಂಗಳಲ್ಲಿ ಹೂಡಿದ್ದೆವು. ಹನ್ನೆರಡು ಮೀಟರು ಉದ್ದದ ಹಾಯಿದೋಣಿಯೇ ಮನೆ. ಯುರೋಪಿನ ಕ್ರೊಯೇಷಿಯಾ ದೇಶದ ಡಾಲ್ಮೇಷಿಯಾ ಕರಾವಳಿಯೇ ಅಂಗಳ. ನಾವು ದಂಪತಿಗಳು, ಎಂಟು ವರುಷದ ಮಗಳು, ದೋಣಿ ನಡೆಸಲು ಗೊತ್ತುಮಾಡಿಕೊಂಡ ಆ ನಾಡಿನ ನಾವಿಕ - ಇಷ್ಟೇ ಮನೆಮಂದಿ.

ಸ್ಪ್ಲಿಟ್ ಪಟ್ಟಣದಿಂದ ಹೊರಟೆವು. ಕ್ರಿ. ಶ. 305ರಲ್ಲಿ ಪಟ್ಟವನ್ನು ತ್ಯಜಿಸಿದ ರೋಮನ್ ಚಕ್ರವರ್ತಿ ಡಯೋಕ್ಲೆಷಿಯನ್ ತನ್ನ ವಿಶ್ರಾಂತಿಗೆಂದು ಕಟ್ಟಿಸಿದ ಅರಮನೆ ಅಲ್ಲಿದೆ. ಅದರ ಗೋಡೆಗಳೊಳಗೆ ಇಂದಿಗೂ ಜನರು ಬಟ್ಟೆ ಒಣಹಾಕಿಕೊಂಡು ಸಂಸಾರ ಮಾಡುತ್ತಿರುವರು. ನಮ್ಮ ಅರಮನೆಯಲ್ಲಾದರೋ ಕೈಚಾಚಿದರೆ ಎರಡು ಕಡೆಯ ಗೋಡೆಯೂ ಸಿಕ್ಕುತ್ತಿತ್ತು. ದೋಣಿ ಓಲಾಡಿದಂತೆ ಒಲೆಯೂ ತೂಗುವ ಕಾರಣ ಸಾರು ಚೆಲ್ಲುತ್ತಿರಲಿಲ್ಲ. ಹೊತ್ತೇರಿದ ಮೇಲೆ ವಾಯವ್ಯದಿಂದ ಮಾಯೆಸ್ತ್ರಾಲ್ ಎಂಬ ಸೌಮ್ಯವಾದ ಗಾಳಿ ಬೀಸುವುದು; ಹಾಯಿ ತುಂಬುವುದು; ಸಂಜೆಗೆ ಗಾಳಿ ಅಡಗಿದಾಗ ಯಾವುದಾದರೊಂದು ಕೊಲ್ಲಿಯಲ್ಲಿ ಲಂಗರು ಹಾಕುವೆವು.

ದೋಣಿಯ ತೊಟ್ಟಿಯಲ್ಲಿ ಹಿಡಿಯುತ್ತಿದ್ದುದು ಮುನ್ನೂರು ಲೀಟರು ಸಿಹಿನೀರು. ಪಾತ್ರೆಗಳನ್ನು ಸಮುದ್ರದ ನೀರಿನಲ್ಲಿ ಬೆಳಗಿ ಕಡೆಯಲ್ಲಿ ಒಂದು ಲೋಟ ಸಿಹಿನೀರಿನಿಂದ ತೊಳೆಯಬೇಕು. ಅಕ್ಕಿ ತೊಳೆದ ನೀರಿನಲ್ಲಿ ಮೊದಲು ಕೈ, ಆಮೇಲೆ ನೆಲ. ಸ್ನಾನವೆಂದರೆ ಸಮುದ್ರದಲ್ಲಿ ಮುಳುಗಿ, ಎರಡು ಚೊಂಬು ಸಿಹಿನೀರು ಸುರಿದುಕೊಳ್ಳುವುದು. ಈ ಕಟ್ಟುನಿಟ್ಟು ನಮಗೆ ಆಟದಂತೆ ತೋರಿತು. ತಪ್ಪು ಅಲ್ಲಿಯೇ ಆಯಿತು.

ಹ್ವಾರ್ ದ್ವೀಪದ ಉತ್ತರದಲ್ಲಿರುವ ಸ್ಟಾರಿ ಗ್ರಾಡ್ ಕೊಲ್ಲಿಯನ್ನು ಹೊಕ್ಕು, ಊರಿನಿಂದ ದೂರದಲ್ಲಿ ಲಂಗರು ಹಾಕಿದೆವು. ಪೇರೋಸ್ ದ್ವೀಪದ ಗ್ರೀಕರು ಕ್ರಿ. ಪೂ. 384ರಲ್ಲಿ ಇಲ್ಲಿ ನೆಲಸಿ, ಹಿಂದಿನ ಬಯಲನ್ನು ಅಳತೆ ಮಾಡಿ ಹೊಲಗಳಾಗಿ ಹಂಚಿಕೊಂಡರು. ಆ ಎಲ್ಲೆಗಳ ಕಲ್ಲುಗೋಡೆಗಳ ನಡುವೆ ಇಂದಿಗೂ ದ್ರಾಕ್ಷಿಯೂ ಆಲಿವೂ ಬೆಳೆಯುತ್ತವೆ. 2008ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಸುಣ್ಣಕಲ್ಲಿನ ನೆಲವು ಮಳೆಯನ್ನು ಒಡನೆಯೇ ಹೀರಿಬಿಡುವ ಕಾರಣ, ಹರಿಯುವ ನೀರನ್ನು ಕಾಲುವೆಗಳಿಂದ ತೊಟ್ಟಿಗಳಿಗೆ ಕೂಡಿಸುವ ಉಪಾಯವನ್ನೂ ಪೂರ್ವಿಕರು ಮಾಡಿದ್ದರು. ಇದನ್ನೆಲ್ಲ ನೋಡಿ ಮೆಚ್ಚಿ ಸಂಜೆಗೆ ಹಿಂದಿರುಗಿದರೆ, ನಮ್ಮ ತೊಟ್ಟಿ ಬರಿದಾಗಿತ್ತು! ಬೆಳಿಗ್ಗೆ ದೋಣಿಯ ಹಿಂಬದಿಯಲ್ಲಿ ಕಾಲು ತೊಳೆದ ನಾವು ಕೊಳಾಯಿಯನ್ನು ಪೂರ್ತಿ ತಿರುಗಿಸಿರಲಿಲ್ಲ. ನಾವಿಕನು ಏನೂ ಅನ್ನಲಿಲ್ಲ; ಅಂದಿದ್ದರೆ ಚೆನ್ನಾಗಿತ್ತು.

ಆ ರಾತ್ರಿಯೇ ಬೂರಾ ಎದ್ದಿತು. ಇದು ಒಳನಾಡಿನ ಬೆಟ್ಟಗಳಿಂದ ಕಡಲಿಗೆ ಇಳಿದು ಬರುವ ಈಶಾನ್ಯದ ತಣ್ಣನೆಯ ಬಿರುಗಾಳಿ. ಒಂದೇ ಸಮನೆ ಬೀಸದೆ ಹೊಡೆತ ಹೊಡೆತವಾಗಿ ಎರಗುತ್ತದೆ. ಲಂಗರನ್ನು ಎತ್ತುವಂತಿರಲಿಲ್ಲ. ಕುಡಿಯಲು ಉಳಿದದ್ದು ನಾಲ್ಕು ಸೀಸೆ. ಮರುದಿನ ಓಲಾಟಕ್ಕೆ ಮಗಳು ವಾಂತಿ ಮಾಡಿಕೊಳ್ಳತೊಡಗಿದಳು. ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಚಮಚದಿಂದ ಕುಡಿಸುತ್ತ, ಸೀಸೆಯಲ್ಲಿ ಇಳಿಯುವ ಮಟ್ಟವನ್ನು ನೋಡುತ್ತ ಕುಳಿತೆವು. ಸುತ್ತಲೂ ನೀರು, ಮಗುವಿಗೆ ಕೊಡಲು ಮಾತ್ರ ಇಲ್ಲ.

ಎರಡನೆಯ ಸಂಜೆ ಗಾಳಿ ಕೊಂಚ ತಗ್ಗಿದಾಗ ಪುಟ್ಟ ದೋಣಿಯಲ್ಲಿ ದಡಕ್ಕೆ ಹುಟ್ಟುಹಾಕಿಕೊಂಡು ಹೋದೆವು. ಅಲ್ಲೊಂದು ಕಲ್ಲಿನ ಮನೆ, ಒಬ್ಬ ವೃದ್ಧೆ. ನಾವಿಕನು ಸಂಗತಿಯನ್ನು ತಿಳಿಸಿದ. ಆಕೆ ಮಳೆನೀರಿನ ತೊಟ್ಟಿಯ ಮುಚ್ಚಳ ತೆಗೆದು ಬಕೆಟ್ಟನ್ನು ತಳದವರೆಗೆ ಇಳಿಬಿಟ್ಟರು. ಮೇಲೆಳೆದು, ಹಗ್ಗದ ಒದ್ದೆಯಾದ ಭಾಗವನ್ನು ಗೇಣಿನಿಂದ ಅಳೆದು ನಮಗೆ ತೋರಿಸಿದರು. ಬೇಸಗೆ ಕಳೆದು ಉಳಿದದ್ದು ಏಳು ಗೇಣು. ದೊಡ್ಡ ಮಳೆ ಇನ್ನೂ ಬರಬೇಕು.

“ಮಗುವಿಗೆ ಕುಡಿಯಲು ಕೊಡುತ್ತೇನೆ, ಪಾತ್ರೆ ತೊಳೆಯಲು ಅಲ್ಲ” ಎಂದರಂತೆ.

ಹತ್ತು ಲೀಟರು ಕೊಟ್ಟರು. ಹಣವನ್ನು ಮುಟ್ಟಲಿಲ್ಲ.

ಮೂರನೆಯ ದಿನ ಆಕಾಶ ತೊಳೆದಿಟ್ಟಂತಿತ್ತು. ಮಗಳು ಅನ್ನ ಬೇಡಿದಳು. ಸ್ಟಾರಿ ಗ್ರಾಡಿನ ಕಟ್ಟೆಯಲ್ಲಿ ತೊಟ್ಟಿ ತುಂಬಿಸಿಕೊಂಡ ಮೇಲೆ, ಸಾಲ ಉಳಿಯಬಾರದೆಂದು ಹತ್ತು ಲೀಟರಿನ ಡಬ್ಬವೊಂದನ್ನು ಹೊತ್ತು ಅದೇ ದಡಕ್ಕೆ ಮರಳಿದೆವು. ಆಕೆ ನಕ್ಕರು. ಊರಿನ ಕೊಳಾಯಿ ನೀರನ್ನು ಮಳೆನೀರಿನೊಡನೆ ಬೆರೆಸುವುದು ಅವರಿಗೆ ಸಮ್ಮತವಿರಲಿಲ್ಲ. ಮಗಳ ಕೈಗೆ ಡಬ್ಬವನ್ನು ಕೊಟ್ಟು, ಅಂಜೂರದ ಗಿಡದ ಬುಡವನ್ನು ತೋರಿಸಿದರು. ನಮ್ಮ ಹುಡುಗಿ ಅದನ್ನು ಒಮ್ಮೆಗೇ ಸುರಿಯಲಿಲ್ಲ; ಒಂದೊಂದೇ ಬೊಗಸೆಯಾಗಿ, ಕೊನೆಯ ಹನಿಯವರೆಗೂ ಎಣಿಸಿ ಎರೆದಳು.