ಗೆದ್ದಿಗೆ ಜ್ವರ

ನಮ್ಮ ಕಡೆ ಹಳೇ ನಾಣ್ಯಕ್ಕೆ ಯಂತ್ರ ಬೇಕಿರಲಿಲ್ಲ, ಮಳೆ ಸಾಕಿತ್ತು. ಜೋರು ಮಳೆ ಹೊಡೆದು ಬಿಟ್ಟ ಮೇಲೆ ಬಾರ್ಕೂರಿನ ಕೋಟೆಯ ಬದಿಯಲ್ಲಿ ನೆಲ ನೋಡುತ್ತ ನಡೆದರೆ ಏನಾದರೂ ಕಣ್ಣಿಗೆ ಬಿದ್ದೇ ಬೀಳುತ್ತದೆ ಎಂದು ಸಾಸ್ತಾನದ ಜಗಲಿಯಲ್ಲಿ ಕೂತೇ ನಂಬಿ ಬೆಳೆದವರು ನಾವು. ಹಾಗಾಗಿ ಬೆಂಗಳೂರಿನಿಂದ ಬಂದ ತಂಗಿಯ ಮಗ ಉದ್ದನೆಯ ಪೆಟ್ಟಿಗೆ ಬಿಚ್ಚಿ ಮೆಟಲ್ ಡಿಟೆಕ್ಟರ್ ಹೊರತೆಗೆದಾಗ ನನಗೆ ಅದು ಶುದ್ಧ ದುಂದು ಅನ್ನಿಸಿತು.

ಕೋಲಿನ ತುದಿಗೊಂದು ತಟ್ಟೆ, ತಟ್ಟೆಯೊಳಗೆ ತಂತಿಯ ಸುರುಳಿ. ಅದರಲ್ಲಿ ಕರೆಂಟು ಹರಿದರೆ ಕೆಳಗೆ ಕಾಂತಕ್ಷೇತ್ರ ಏಳುತ್ತದೆ. ಅಲ್ಲಿ ಲೋಹವಿದ್ದರೆ ಅದರೊಳಗೂ ಒಂದಿಷ್ಟು ವಿದ್ಯುತ್ತು ಸುಳಿಯುತ್ತದೆ, ಕೋಲು ಕೂಗುತ್ತದೆ. ಟೆಲಿಫೋನಿನ ಗ್ರಹಾಂ ಬೆಲ್ 1881ರಲ್ಲಿ ಇಂಥದೇ ಒಂದನ್ನು ಹಿಡಿದುಕೊಂಡು, ಗುಂಡೇಟು ತಿಂದು ಮಲಗಿದ್ದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರ ಮೈಯಲ್ಲಿ ಗುಂಡು ಹುಡುಕಿದ್ದ. ಸಿಗಲಿಲ್ಲ. ಹಾಸಿಗೆಯ ಸ್ಪ್ರಿಂಗುಗಳು ಅಡ್ಡ ಬಂದವು ಎಂದು ಒಂದು ಸಮಜಾಯಿಷಿ ಉಂಟು.

ಆ ಲೆಕ್ಕದಲ್ಲಿ ನಮ್ಮ ಗದ್ದೆಗಳ ಹಾಸಿಗೆ ಪೂರ್ತಿ ಕಬ್ಬಿಣದ್ದೇ. ಮುರಕಲ್ಲಿನ ನೆಲ; ಆ ಕೆಂಪು ಬಂದದ್ದೇ ಕಬ್ಬಿಣದಿಂದ. ಬೆಟ್ಟು ಗದ್ದೆಗೆ ಇಳಿದದ್ದೇ ತಡ, ಕೋಲು ಹೆಜ್ಜೆಗೊಂದು ಕೂಗು ಹಾಕತೊಡಗಿತು. ಅದನ್ನು ನೆಲಕ್ಕೆ ಹೊಂದಿಸಲು ಇದ್ದ ಗುಂಡಿಯನ್ನು ತಿರುಗಿಸಿ ತಿರುಗಿಸಿ ಹುಡುಗ ಬೆವೆತ. ಕಂಟದ ಮೇಲೆ ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದ ನೆರೆಮನೆಯ ಅಕ್ಕ ನಿಂತು ನೋಡಿ, “ಎಂತ ಮಗಾ, ಗೆದ್ದಿಗೆ ಜ್ವರ ಬಂದಿತ್ತಾ?” ಎಂದಳು.

ಸಿಕ್ಕಿದ್ದನ್ನು ಹೇಳುತ್ತೇನೆ: ಎತ್ತಿನ ಲಾಳ, ಟಿಲ್ಲರಿನ ಬೋಲ್ಟು, ಬಾಟಲಿಯ ಮುಚ್ಚಳಗಳು (ಊರಿನಲ್ಲಿ ಕುಡಿಯುವವರು ಯಾರೂ ಇಲ್ಲವೆಂದೇ ನಮ್ಮ ಅಂದಾಜು), ಮತ್ತೆ ಒಂದೇ ಒಂದು ನಾಣ್ಯ. ಅದೂ ಒಟ್ಟೆ ಮುಕ್ಕಾಲು. 1943ರಿಂದ 47ರವರೆಗೆ ಟಂಕಿಸಿದ್ದು. ಯುದ್ಧಕಾಲದಲ್ಲಿ ಲೋಹ ಉಳಿಸಲು ನಡುವೆ ತೂತು ಬಿಟ್ಟದ್ದು. ರೂಪಾಯಿಗೆ 64. ತೂತಿದ್ದದ್ದರಿಂದ ಜನ ಅದನ್ನು ವಾಷರಾಗಿಯೂ ಬಳಸಿದರು. ನಮ್ಮದು ಯಾವ ನೊಗದ, ಯಾವ ಪಂಪಿನ ಸಂದಿಯಿಂದ ಜಾರಿ ಬಿತ್ತೋ.

“ಇಷ್ಟು ಹಳೇ ಗದ್ದೆ, ಒಂದೇ ನಾಣ್ಯವಾ ಮಾವ?” ಎಂದು ಹುಡುಗ ಸಪ್ಪಗಾದ. ನನಗೆ ಆ ಒಂದು ಸಿಕ್ಕಿದ್ದೇ ಆಶ್ಚರ್ಯ. ಗದ್ದೆಯಲ್ಲಿ ದುಡ್ಡು ಬೀಳಬೇಕಾದರೆ ಗದ್ದೆಗಿಳಿದವರ ಸೊಂಟದಲ್ಲಿ ದುಡ್ಡು ಇರಬೇಕಲ್ಲ! ನೇಜಿ ನೆಟ್ಟವರಿಗೆ ಸಿಗುತ್ತಿದ್ದದ್ದು ಅಕ್ಕಿ, ಭತ್ತ. ಧಣಿಗೆ ಹೋಗುತ್ತಿದ್ದ ಗೇಣಿಯೂ ಮುಡಿ ಲೆಕ್ಕದ ಅಕ್ಕಿಯೇ. 1974ರಲ್ಲಿ ಭೂಸುಧಾರಣೆ ಬಂದು ಉಳುವವನೇ ಒಡೆಯನಾಗುವವರೆಗೂ ನಮ್ಮಜ್ಜ ಬೆನ್ನಮೇಲೆ ಹೊತ್ತದ್ದು ಮುಡಿಯನ್ನೇ. ನಾಣ್ಯಕ್ಕೆ ಕೆಸರಿನ ಪರಿಚಯ ಕಡಿಮೆ. ಅದು ಓಡಾಡಿದ್ದು ಬಾರ್ಕೂರಿನ ಮೂಡುಕೇರಿ, ಚೌಳಿಕೇರಿಗಳಲ್ಲಿ, ಅಕ್ಕಿ ಹಡಗು ಹತ್ತುತ್ತಿದ್ದ ಬಸ್ರೂರಿನಲ್ಲಿ.

ಅಲ್ಲಿನ ನಾಣ್ಯಗಳ ಗತ್ತೇ ಬೇರೆ. ಬಾರ್ಕೂರಿನಿಂದ ಆಳಿದ ಆಳುಪರ ಚಿನ್ನದ ಮೇಲೆ ಜೋಡಿ ಮೀನು. ಕಡಲ ಬದಿಯ ಅರಸರಿಗೆ ಬೇರೆ ಲಾಂಛನ ಯಾಕೆ ಬೇಕು? ವಿಜಯನಗರದ ಕಾಲದ ಶಾಸನಗಳಲ್ಲಿ ದತ್ತಿಯಾಗಲಿ ದಂಡವಾಗಲಿ ‘ಬಾರಕೂರು ಗದ್ಯಾಣ’ದಲ್ಲಿ. ಚಿನ್ನದ ವರಹ ಸುಮಾರು ಮೂರೂವರೆ ಗ್ರಾಂ ತೂಗಿದರೆ ಪಣ ಅದರ ಹತ್ತನೇ ಒಂದು ಪಾಲು, ಹೆಚ್ಚುಕಡಿಮೆ ಬೇಳೆಯ ಗಾತ್ರ. ಮುರಕಲ್ಲಿನ ಗದ್ದಲದಲ್ಲಿ ಅದರ ಸ್ವರ ಹುಡುಗನ ಕೋಲಿಗೆ ಕೇಳುವುದುಂಟೇ! ಆಮೇಲೆ ಇಕ್ಕೇರಿಯವರ ವರಹ ಬಂತು, ಶಿವಪಾರ್ವತಿಯರೊಂದಿಗೆ. 1763ರಲ್ಲಿ ಅವರ ರಾಜಧಾನಿ ಬಿದನೂರು ಗೆದ್ದ ಹೈದರಾಲಿ ದೇವರನ್ನು ಕದಲಿಸಲಿಲ್ಲ. ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರ ಒತ್ತಿಸಿದ, ಅಷ್ಟೇ. ಗುರುತಿಲ್ಲದ ನಾಣ್ಯವನ್ನು ಸಂತೆ ಮುಟ್ಟುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

“ಹಾಗಾದರೆ ಬಾರ್ಕೂರಿಗೇ ಹೋಗುವ” ಎಂದು ಹುಡುಗ ಎದ್ದು ನಿಂತ. ಕೂರಿಸಿದೆ. ನಿಧಿಗೆ ಹಾವು ಕಾವಲು ಎಂದರೆ ಈಗಿನವರು ಹೆದರುವುದಿಲ್ಲ, ಕಾನೂನು ಹೇಳಬೇಕು. 1878ರ ನಿಧಿ ಕಾಯಿದೆಯ ಪ್ರಕಾರ ಹತ್ತು ರೂಪಾಯಿಗೆ ಮೀರಿದ್ದು ನೆಲದಲ್ಲಿ ಸಿಕ್ಕರೆ ಕಲೆಕ್ಟರರಿಗೆ ಬರೆದು ತಿಳಿಸಬೇಕಿತ್ತು. ಕರ್ನಾಟಕ 1962ರಲ್ಲಿ ತನ್ನದೇ ಕಾಯಿದೆ ಮಾಡಿಕೊಂಡಿತು. ಆ ಹಳೇ ಕಾಯಿದೆ ಕೇಳುತ್ತಿದ್ದ ವಿವರಗಳು ನನಗಿಷ್ಟ: ಏನು, ಎಷ್ಟು, ಎಲ್ಲಿ, ಯಾವತ್ತು. ‘ಎಲ್ಲಿ’ ಎಂಬುದು ಕಳೆದುಹೋದರೆ ಗದ್ಯಾಣ ಅಕ್ಕಸಾಲಿಗನ ತಕ್ಕಡಿಗೆ ಮಾತ್ರ ಪ್ರಯೋಜನ. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನಲ್ಲಿದ್ದ ಇತಿಹಾಸಕಾರ ಪಿ. ಗುರುರಾಜ ಭಟ್ಟರು ಬಾರ್ಕೂರಿನಲ್ಲಿ ಸುತ್ತಾಡಿ, ಯಾವ ಕಲ್ಲು ಎಲ್ಲಿದೆ ಎಂದು ಬರೆದಿಟ್ಟರಲ್ಲ, ಅದು ಹುಡುಕಾಟ.

ಇಂಗ್ಲೆಂಡಿನಲ್ಲಿ ಇಂಥ ಕೋಲು ಹಿಡಿದು ಹೊಲ ಸುತ್ತುವುದು ರಜೆಯ ಹವ್ಯಾಸ. 1992ರಲ್ಲಿ ಸಫೊಕ್‌ನ ಹಾಕ್ಸನ್ ಎಂಬಲ್ಲಿ ರೈತನೊಬ್ಬನ ಸುತ್ತಿಗೆ ಹೊಲದಲ್ಲಿ ಕಳೆಯಿತು. ಸ್ನೇಹಿತ ಎರಿಕ್ ಲಾಸ್ ಹುಡುಕಿಕೊಡಲು ಹೋದರೆ ಸಿಕ್ಕಿದ್ದು ರೋಮನರ ಸುಮಾರು 15,000 ನಾಣ್ಯಗಳಿದ್ದ ನಿಧಿ. ಆತ ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ ತಿಳಿಸಿದ, ಪುರಾತತ್ವದವರು ಬಂದು ಎತ್ತಿದರು. ಸುತ್ತಿಗೆಯೂ ಸಿಕ್ಕಿತು, ಅದೂ ಬ್ರಿಟಿಷ್ ಮ್ಯೂಸಿಯಂ ಸೇರಿತು.

ಈ ಕಥೆ ಹೇಗೋ ಕೇರಿಯಿಡೀ ಹಬ್ಬಿತು. ಮಾರನೇ ಬೆಳಿಗ್ಗೆ ಹಿಂದಿನ ಮನೆಯ ದೊಡ್ಡಮ್ಮ ಅಂಗಳಕ್ಕೆ ಬಂದರು. “ನಿಧಿ ಎಲ್ಲ ಬ್ಯಾಡ ಮಗಾ, ನನ್ನ ಬೆಂಡೋಲೆ ತಿರ್ಪು ಬಿದ್ ಹೋಯ್ತ್, ಹಟ್ಟಿ ಬದಿಗೆ ಒಂಚೂರ್ ಕಾಂಬುಕ್ ಆತ್ತಾ?” ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ ತಿರ್ಪು ಸಿಕ್ಕಿತು. ಅಲ್ಲಿಂದ ಹುಡುಗನಿಗೆ ಪುರುಸೊತ್ತಿಲ್ಲ: ಹುಲ್ಲುಕುತ್ರಿಯ ಅಡಿಯ ಕತ್ತಿ, ಸೈಕಲ್ಲಿನ ಕೀ, ಮದುವೆಯ ಉಂಗುರ. ರಜೆ ಮುಗಿದು ಹೊರಡುವಾಗ ಕೋಲನ್ನು ಇಲ್ಲೇ ಬಿಟ್ಟು ಹೋದ. ಟಿಲ್ಲರಿನ ಪಿನ್ನು ಹುಡುಕಲು ಯಾರೋ ಕೊಂಡುಹೋದವರು ಇನ್ನೂ ವಾಪಸು ತಂದಿಲ್ಲ. ಕೊಟ್ಟದ್ದು ಯಾರಿಗೆ ಎಂಬುದರಲ್ಲಿ ನಮ್ಮ ಮನೆಯಲ್ಲೇ ಒಮ್ಮತವಿಲ್ಲ.