ನಡುಗಡ್ಡೆಯ ಹರಿಗೋಲು

ಕಾಗಿಣೆಯ ದಡದ ಸೀಮೆಯವರು ಸುರಪುರ ತಾಲೂಕಿನ ನೀಲಕಂಠರಾಯನಗಡ್ಡೆಗೆ ಹೋದರೆ ಹೊಳೆಯ ಬೇರೊಂದು ಮುಖ ಕಾಣುವುದು. ಕೃಷ್ಣೆಯ ನಡುವಣ ಈ ಗ್ರಾಮಕ್ಕೆ ಬಹುಕಾಲ ಹರಿಗೋಲೇ ಆಧಾರವಾಗಿದ್ದಿತು. ಬಿದಿರಿನಿಂದ ಹೆಣೆದ ಆ ದುಂಡು ದೋಣಿಯು ತಿಳಿನೀರಿನಲ್ಲಿ ಧಾನ್ಯವನ್ನೂ ಮಕ್ಕಳನ್ನೂ ದಾಟಿಸುತ್ತಿದ್ದಿತು. ನಾರಾಯಣಪುರದ ಬಸವಸಾಗರದಿಂದ ಹೆಚ್ಚು ನೀರು ಬಿಟ್ಟರೆ ದಡದಲ್ಲಿಯೇ ಬೋರಲಾಗಿ ಉಳಿಯುತ್ತಿದ್ದಿತು. ಅಂತಹ ವೇಳೆಯಲ್ಲಿ ಈಜಬಲ್ಲವರು ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಪ್ರವಾಹಕ್ಕಿಳಿಯುತ್ತಿದ್ದರು. 2013ರ ಮಳೆಗಾಲದಲ್ಲಿ ತುಂಬುಗರ್ಭಿಣಿಯೊಬ್ಬಳು ಹೆರಿಗೆಯ ಆಸರೆಯನ್ನರಸಿ ಹೀಗೆಯೇ ಈಜಿ ದಡ ಸೇರಿದಳು. ಆಕೆಯ ಧೈರ್ಯವನ್ನು ನಾಡೆಲ್ಲ ಕೊಂಡಾಡಿತು. ಆದರೆ ಪ್ರಾಣವನ್ನೇ ಪಣವಾಗಿಡಬೇಕಾದ ಧೈರ್ಯವನ್ನು ಬರಿದೇ ಹೊಗಳುವುದರಿಂದ ಹೊಣೆ ತೀರಲಾರದು. ಬಯಲಿನ ಹೊಲಗಳಿಗೆ ಕಾಲುವೆಯ ನೀರನ್ನು ಕೊಡುವ ಅಣೆಕಟ್ಟಿನಿಂದಲೇ ಈ ಗಡ್ಡೆಯ ದಾರಿ ಮುಳುಗುತ್ತಿದ್ದಿತು. ಆ ನೀರಿನ ಫಲವನ್ನುಂಡವರು ಗಡ್ಡೆಯವರಿಗೆ ನಿರ್ಭಯವಾದ ದಾರಿಯನ್ನು ಒದಗಿಸುವುದು ಋಣಸಂದಾಯವೇ ಸರಿ.